ಕೊಡಗಿನ ಆನಂದಪುರದವರಿಗೆಲ್ಲ ಕಿಜಾಬೆಯಿಂದ ಒಂದು ಅಸಾಂತೆ

ನಮ್ಮ ಮನೇಲಿ ಥ್ಯಾಂಕ್ಸ್ ಅಂತ ಯಾರೂ ಯಾರಿಗೂ ಹೇಳಲ್ಲ. ಹೇಳಿದ್ರೆ ಅಜ್ಜಿ "ಎಂತ, ನಾನೇನು ಹೊರಗಿನವಳಾ" ಅಂತ ಮುಖ ಊದಿಸ್ಕೊಳ್ತಾರೆ. ಸಿದ್ದಾಪುರದ ಅಂಗಡೀಲಿ ಕೂಡ "ಬರ್ತೀನಣ್ಣ" ಅಂದ್ರೆ ಮುಗೀತು, ಅದ್ರಲ್ಲೇ ಎಲ್ಲ ಬಂತು. ಹಾಗಾಗಿ ಆಗಸ್ಟ್ ಕೊನೇಲಿ ಊರು ಬಿಡುವಾಗ ಅಷ್ಟು ಜನ ಅಂಗಳದಲ್ಲಿ ನಿಂತಿದ್ರೂ ಒಬ್ಬರಿಗೂ ಒಂದು ಮಾತು ಹೇಳದೆ ಬಂದುಬಿಟ್ಟೆ. ಇಲ್ಲಿ ಕೀನ್ಯಾದಲ್ಲಿ ದಿನಕ್ಕೆ ಐವತ್ತು ಸಲ ಅಸಾಂತೆ (ಸ್ವಾಹಿಲಿಯಲ್ಲಿ ಥ್ಯಾಂಕ್ಸ್) ಅಂತಾರೆ, ಬಾಗಿಲು ಹಿಡಿದ್ರೆ ಅಸಾಂತೆ, ಉಪ್ಪು ಕೊಟ್ರೆ ಅಸಾಂತೆ, ಜಾಸ್ತಿ ಖುಷಿಯಾದ್ರೆ ಅಸಾಂತೆ ಸಾನಾ. ಆರು ವಾರ ಅದನ್ನೇ ಕೇಳಿ ಕೇಳಿ ನನಗೂ ಬಾಯಿ ಬಂದಿದೆ, ಅದಕ್ಕೇ ಈ ಉದ್ದದ ಬರಹ, ಬೈಕೋಬೇಡಿ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಅಮ್ಮ ನರ್ಸ್, ಜನವರಿಯಿಂದ ಟಾಂಜಾನಿಯದ ಒಳಗೆ ಒಂದು ಮಿಷನ್ ಆಸ್ಪತ್ರೇಲಿದ್ದಾರೆ. ಅಪ್ಪ ಎಸ್ಟೇಟಲ್ಲಿ ರೈಟರ್ (ಲೆಕ್ಕ ಬರೆಯೋ ಗುಮಾಸ್ತ), ಅಜ್ಜಿನ ಬಿಟ್ಟು ಬರೋಕಾಗಲ್ಲ ಅಂತ ಊರಲ್ಲೇ ಉಳಿದ್ರು. ಅಮ್ಮ ಇರೋ ಕಡೆ ನನಗೆ ಆಗೋ ಹೈಸ್ಕೂಲಿಲ್ಲ, ಅದಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಕೀನ್ಯಾದ ಕಿಜಾಬೆಯಲ್ಲಿರೋ ರಿಫ್ಟ್ ವ್ಯಾಲಿ ಅಕಾಡೆಮಿಗೆ ಸೇರಿಸಿದ್ರು. 1906ರಲ್ಲಿ ಮಿಷನರಿಗಳ ಮಕ್ಕಳಿಗೆ ಅಂತ ಶುರುವಾದ ಬೋರ್ಡಿಂಗ್ ಶಾಲೆ. ಹಳೇ ಕಟ್ಟಡಕ್ಕೆ ಕಿಯಾಂಬೋಗೊ ಅಂತ ಹೆಸರು, ಅದಕ್ಕೆ 1909ರಲ್ಲಿ ಅಡಿಗಲ್ಲು ಹಾಕಿದ್ದು ಅಮೆರಿಕದ ಥಿಯೋಡೋರ್ ರೂಸ್ವೆಲ್ಟ್, ಅಧ್ಯಕ್ಷಗಿರಿ ಮುಗಿಸಿ ಬೇಟೆಗೆ ಅಂತ ಈ ಕಡೆ ಬಂದಿದ್ರಂತೆ. ಅಜ್ಜಿಗೆ ಇದನ್ನ ಹೇಳಿದ್ರೆ "ಅದಿರಲಿ, ಬಚ್ಚಲಲ್ಲಿ ಬಿಸಿನೀರು ಬರುತ್ತಾ" ಅಂದ್ರು.

ಮೊದಲು ಎಸ್ಸೆಸ್ಸೆಲ್ಸಿ ಹೆಡ್ಮಾಸ್ಟರ್ ಸರ್‌ಗೆ ಹೇಳ್ಬೇಕು. ಮಾರ್ಕ್ಸ್ ಕಾರ್ಡಲ್ಲಿ ನನ್ನ ಹೆಸರ ಮುಂದೆ ಬರೀ ಇನಿಶಿಯಲ್, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಪೂರ್ತಿ, ಜನನ ಪತ್ರದಲ್ಲಿ ಅದರದ್ದೇ ಇನ್ನೊಂದು ಸ್ಪೆಲ್ಲಿಂಗು. ಒಂದು ಆಫೀಸಲ್ಲಿ ಇದಕ್ಕಾಗಿ ನಮ್ಮನ್ನ ನಾಲ್ಕು ಸಲ ನಾಳೆ ಬನ್ನಿ ಅಂತ ಕಳಿಸಿದ್ರು, ಯಾವ ಆಫೀಸು ಅಂತ ಬರೆಯಲ್ಲ, ಅಲ್ಲಿಗೆ ಅಲೆದವರಿಗೆಲ್ಲ ಗೊತ್ತಾಗುತ್ತೆ. ಐದನೇ ಸಲ ಸರ್ ತಮ್ಮ ಸ್ಕೂಟರಲ್ಲಿ, ಆ ಜುಲೈ ಮಳೇಲಿ, ಶಾಲೆಯ ದಾಖಲಾತಿ ಪುಸ್ತಕವನ್ನ ಪ್ಲಾಸ್ಟಿಕ್ ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ಬಂದ್ರು. ಸರ್ ಪೂರ್ತಿ ಒದ್ದೆ, ಪುಸ್ತಕ ಒಣ.

ಆಮೇಲೆ ಹೋದ ವರ್ಷದ ಬೆಳೆಹಬ್ಬ. ಅಮ್ಮನ ಕೆಲಸ, ನನ್ನ ಶಾಲೆ ಎಲ್ಲ ಆಗ್ಲೇ ಮಾತಾಗಿತ್ತು, ಟಿಕೆಟ್ಟಿಗೆ ಏನು ಮಾಡೋದು ಅನ್ನೋದೊಂದು ಬಾಕಿ. ಚರ್ಚ್ ಅಂಗಳದಲ್ಲಿ ಏಲಂ ನಡೀವಾಗ ಅಜ್ಜಿ ತಂದಿಟ್ಟ ಒಂದು ಸಿಹಿಗುಂಬಳ, ಅದನ್ನ ಕೂಗಿ ತಗೊಂಡವರು ವಾಪಸ್ ಮೇಜಿನ ಮೇಲೆ ಇಟ್ರು, ಮತ್ತೆ ಏಲಂ, ಮತ್ತೆ ವಾಪಸ್, ಹೀಗೆ ಅದೊಂದೇ ಕಾಯಿ ಆರು ಸಲ ಮಾರಾಟ ಆಯ್ತು. ನನಗೆ ಆವತ್ತು ತಮಾಷೆ ಅಂತಲೇ ಅನ್ಸಿತ್ತು, ಯಾರೂ ಇದು ನಿನಗೆ ಅಂತ ಹೇಳ್ಲಿಲ್ಲ, ವಾರ ಬಿಟ್ಟು ಚರ್ಚಿನ ಅಯ್ಯನವರು ದುಡ್ಡಿನ ಕವರ್ ತಂದು ಅಪ್ಪನ ಕೈಗೆ ಕೊಟ್ಟಾಗಲೇ ಗೊತ್ತಾಗಿದ್ದು. ಕೊನೇಲಿ ಆ ಕುಂಬಳಕಾಯಿ ಯಾರ ಮನೆಗೆ ಹೋಯ್ತು ಅಂತ ಇವತ್ತಿಗೂ ಗೊತ್ತಿಲ್ಲ. ಪಲ್ಯ ಮಾಡಿದವರು ದಯವಿಟ್ಟು ಹೇಳಿ.

ಹೊರಟಿದ್ದು ರಾತ್ರಿ ಮೂರು ಗಂಟೆಗೆ, ಪಕ್ಕದ ಮನೆ ಮಾಮ ಜೀಪು ತಂದ್ರು. ಎಸ್ಟೇಟ್ ಗೇಟು ದಾಟಿ ಎರಡು ತಿರುವಾಗಿಲ್ಲ, ರಸ್ತೆ ಮಧ್ಯ ಆನೆ. ಒಂಟಿ. ಮಾಮ ಲೈಟ್ ಆಫ್ ಮಾಡಿದ್ರು, ಇಂಜಿನ್ ಆಫ್ ಮಾಡಿದ್ರು, ಕತ್ತಲಲ್ಲಿ ಹಲಸಿನ ಕೊಂಬೆ ಮುರಿಯೋ ಸದ್ದು ಬಿಟ್ರೆ ಏನಿಲ್ಲ, ಅಪ್ಪ ನನ್ನ ಕೈ ಹಿಡಿದಿದ್ರು, ಫ್ಲೈಟ್ ಹೋದ್ರೂ ಪರವಾಗಿಲ್ಲ ಹೀಗೇ ಇರೋಣ ಅಂತ ನನಗೆ ಒಳಗೊಳಗೇ ಅನ್ನಿಸ್ತಿತ್ತು. ಅರ್ಧ ಗಂಟೆ. ಆಮೇಲೆ ಅದು ತೋಟದೊಳಗೆ ಇಳೀತು, ಮಾಮ ಆ ಅರ್ಧ ಗಂಟೆಯನ್ನ ಮೈಸೂರು ದಾಟುವಷ್ಟರಲ್ಲಿ ಹೇಗೆ ಸರಿ ಮಾಡಿದ್ರು ಅಂತ ಬರೆದ್ರೆ ಪೊಲೀಸರು ಓದ್ತಾರೆ.

ಮುಂಬೈಯಿಂದ ನೈರೋಬಿಗೆ ವಿಮಾನದಲ್ಲಿ ಪಕ್ಕದ ಸೀಟಲ್ಲಿ ಒಬ್ಬರು ಗುಜರಾತಿ ಅಜ್ಜಿ, ಅವರ ಮನೆಯವರು ಮೂರು ತಲೆಮಾರಿಂದ ನೈರೋಬಿಯವರೇ. ಹಳದಿ ಜ್ವರದ ಇಂಜೆಕ್ಷನ್ ಪುಸ್ತಕ ಯಾವಾಗ ತೋರಿಸ್ಬೇಕು, ಯಾವ ಲೈನಲ್ಲಿ ನಿಲ್ಬೇಕು ಎಲ್ಲ ಹೇಳಿಕೊಟ್ಟು, ಬ್ಯಾಗಿಂದ ಥೇಪ್ಲಾ ತೆಗೆದು ಕೊಟ್ಟು, ಹೊರಗೆ ಅಮ್ಮ ಕಾಣೋವರೆಗೂ ಬಿಡದೆ ಜೊತೆಗಿದ್ರು. ಹೆಸರು ಕೇಳೋದೇ ಮರೆತುಬಿಟ್ಟೆ.

ಮಾಸಾಯಿ ಭಾಷೇಲಿ ಕಿಜಾಬೆ ಅಂದ್ರೆ ಗಾಳಿಯ ಜಾಗ ಅಂತೆ. ಹೌದು ಮಾರಾಯ್ರೇ. ಮಡಿಕೇರಿಗಿಂತ ಸುಮಾರು ಸಾವಿರ ಮೀಟರ್ ಮೇಲಿದೆ, ಬೆಟ್ಟದ ಅಂಚಲ್ಲಿ ಶಾಲೆ, ಕೆಳಗೆ ಇಡೀ ರಿಫ್ಟ್ ಕಣಿವೆ ಬಾಯಿ ತೆರೆದುಕೊಂಡು ಬಿದ್ದಿದೆ, ಅದರಾಚೆ ಲೊಂಗೊನೊಟ್ ಅನ್ನೋ ಜ್ವಾಲಾಮುಖಿ ಬೆಟ್ಟ. ಮಂಜು ನಮ್ಮ ಕಡೆಯದೇ, ಆದ್ರೆ ಗಾಳಿ ಬೇರೆ, ರಾತ್ರಿ ತಗಡಿನ ಮೇಲೆ ಯಾರೋ ಓಡಾಡಿದ ಹಾಗೆ. ಮೊದಲ ರಾತ್ರಿ ಅಮ್ಮ ಹೊರಟ ಮೇಲೆ ನಾನು ಬಾತ್ರೂಮಲ್ಲಿ ಚಿಲಕ ಹಾಕ್ಕೊಂಡು ಅತ್ತೆ, ನಲ್ಲಿ ಬಿಟ್ಟು, ಯಾರಿಗೂ ಕೇಳಬಾರದು ಅಂತ. ಡಾರ್ಮ್ ನೋಡ್ಕೊಳ್ಳೋ ಆಂಟಿಗೆ ಕೇಳಿಸಿರ್ಬೇಕು, ಆದ್ರೆ ಒಂದು ಮಾತೂ ಆಡ್ಲಿಲ್ಲ, ಬುದ್ಧಿ ಹೇಳ್ಲಿಲ್ಲ, ಪ್ರಾರ್ಥನೆ ಮಾಡೋಣ ಬಾ ಅಂತ ಕೂರಿಸ್ಲಿಲ್ಲ. ವಾಪಸ್ ಬಂದು ಕಂಬಳಿಯೊಳಗೆ ಕಾಲು ಚಾಚಿದ್ರೆ ತುದೀಲಿ ಒಂದು ಬಿಸಿನೀರಿನ ಚೀಲ ಇತ್ತು. ಅದು ಇವತ್ತಿನವರೆಗೆ ಒಂದು ರಾತ್ರಿಯೂ ತಪ್ಪಿಲ್ಲ.

ಎರಡನೇ ದಿನ ನನ್ನ ಸೂಟ್‌ಕೇಸ್ ತೆಗೆದ್ರೆ, ಅಜ್ಜಿ ಹಾಕಿದ್ದ ಕಾಡುಮಾವಿನ ಉಪ್ಪಿನಕಾಯಿ ಬಾಟಲಿ ಒಡೆದಿದೆ. ಸ್ವೆಟರು, ಬೆಡ್‌ಶೀಟು, ಕನ್ನಡ ಸತ್ಯವೇದ ಎಲ್ಲ ಕೆಂಪು ಎಣ್ಣೆ. ಕೀರ್ತನೆಗಳ ಪುಟಗಳು ಅಂಟಿಕೊಂಡು ಇಂಗಿನ ವಾಸನೆ. ನನ್ನ ರೂಮ್‌ಮೇಟ್ ಕೊರಿಯಾದ ಹುಡುಗಿ, ಇವಳು ಮೂಗು ಮುಚ್ಕೊಳ್ತಾಳೆ ಅಂತ ನಾನು ಹೆದರಿದ್ರೆ ಅವಳು ಹತ್ತಿರ ಬಂದು ಮೂಸಿ, ಗಾಜಿಲ್ಲದ ಕಡೆಯಿಂದ ಒಂದು ಮಿಡಿ ಎತ್ತಿ ಬಾಯಿಗೆ ಹಾಕ್ಕೊಂಡು, ತನ್ನ ಬೀರುವಿನಿಂದ ಕಿಮ್ಚಿ (ಅವರ ಕಡೆಯ ಉಪ್ಪಿನಕಾಯಿ) ಡಬ್ಬ ತಂದಿಟ್ಲು. ಅಲ್ಲಿಗೆ ನಾವು ಫ್ರೆಂಡ್ಸ್, ಇನ್ನೇನೂ ಮಾತಾಡ್ಬೇಕಾಗಿ ಬರ್ಲಿಲ್ಲ. ಸ್ವೆಟರನ್ನ ಲಾಂಡ್ರಿಯಲ್ಲಿರೋ ಮಾಮಾ (ಇಲ್ಲಿ ದೊಡ್ಡ ಹೆಂಗಸರಿಗೆ ಮಾಮಾ ಅಂತಾರೆ, ನನಗೆ ಪ್ರತಿ ಸಲ ಮೀಸೆ ಇರೋ ಸೋದರಮಾವನೇ ಕಣ್ಮುಂದೆ ಬರೋದು) ನೋಡಿ "ಪೋಲೆ, ಪೋಲೆ" ಅಂದ್ರು. ಪೋಲೆ ಅಂದ್ರೆ ಸಾರಿ ಅಂತ ಡಿಕ್ಷನರೀಲಿ ಇದೆ, ಅದು ಸುಳ್ಳು, ಅದು ನಮ್ಮ "ಅಯ್ಯೋ ಪಾಪ". ಮೂರು ದಿನ ಬಿಸಿಲಿಗೆ ಹಾಕಿ, ಉಜ್ಜಿ, ಮತ್ತೆ ಬಿಸಿಲಿಗೆ ಹಾಕಿ ಕಲೆ ತೆಗೆದುಕೊಟ್ರು. ಸತ್ಯವೇದವನ್ನ ಮಾತ್ರ ನಾನು ಒರೆಸಲಿಲ್ಲ.

ಹೆಸರಿನ ಕಥೆ ಇಲ್ಲೂ ಮುಗೀಲಿಲ್ಲ. ಪಾಸ್‌ಪೋರ್ಟ್ ನೋಡಿ ಇವರು ಅಪ್ಪನ ಹೆಸರನ್ನೇ ನನ್ನ ಸರ್‌ನೇಮ್ ಮಾಡ್ಕೊಂಡಿದ್ದಾರೆ. ಮೊದಲ ವಾರ ಪಿ.ಟಿ. ಸರ್ ಹಾಜರಿಯಲ್ಲಿ ಆ ಹೆಸರು ಕೂಗಿದಾಗ ನಾನು ಸುಮ್ಮನೆ ನಿಂತಿದ್ದೆ, ಎರಡು ಸಲ ಕೂಗಿದ್ರು, ಮೂರನೇ ಸಲ ಜೋರಾಗಿ. ಆ ಮೈದಾನದಲ್ಲಿ ಗಾಳಿಗೆ ಅಪ್ಪನ ಹೆಸರು ಅಷ್ಟು ದೂರಕ್ಕೆ ಕೇಳಿಸ್ತಲ್ಲ, ಎಸ್ಟೇಟಲ್ಲಿ ಮೇಸ್ತ್ರಿ ಕೂಗಿದ ಹಾಗೆಯೇ, ನಾನು ತಿರುಗಿ ನೋಡಿದೆ, ನಿಜವಾಗ್ಲೂ ತಿರುಗಿ ಹಿಂದೆ ನೋಡಿದೆ. ಆಮೇಲೆ ಸರ್‌ಗೆ ವಿಷಯ ಗೊತ್ತಾಗಿ ನನ್ನ ಹೆಸರಲ್ಲೇ ಕರೀಲಾ ಅಂತ ಕೇಳಿದ್ರು. ಬೇಡ ಸರ್, ಅದೇ ಇರಲಿ ಅಂದೆ.

ಊಟದ ವಿಷಯ ಕೇಳ್ತಾ ಇರ್ತೀರಲ್ಲ, ಉಗಾಲಿ ಅಂತ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಬಿಳೀ ಬಣ್ಣ, ನಮ್ಮ ಅಕ್ಕಿ ಉಂಡೆ ಕಡಂಬುಟ್ಟಿನ ಅಣ್ಣ ಅನ್ಕೊಳ್ಳಿ, ಪಂದಿ ಕರಿ ಒಂದಿಲ್ಲ ಅಷ್ಟೆ. ಚಪಾತಿಗೆ ಚಪಾತಿ ಅಂತಲೇ ಅಂತಾರೆ, ಟೀಗೆ ಚಾಯ್, ಅಂಗಡಿಗೆ ಡೂಕಾ, ವಾಹನಕ್ಕೆ ಗಾರಿ. ಕೆಳಗೆ ಹೋಗೋ ರೈಲು ಹಳಿ ಹಾಕೋಕೆ 1896ರಿಂದ ಸುಮಾರು 32,000 ಜನ ನಮ್ಮ ದೇಶದಿಂದ ಬಂದಿದ್ರು, ಎರಡೂವರೆ ಸಾವಿರದಷ್ಟು ಜನ ಇಲ್ಲೇ ಸತ್ತರು, ಅಂಥವರ ಜೊತೆ, ವ್ಯಾಪಾರಿಗಳ ಜೊತೆ ಬಂದು ಉಳಿದ ಮಾತುಗಳು ಇವು. ಒಂದು ಶನಿವಾರ ಕ್ಲಾಸಿನ ಕೀನ್ಯಾ ಹುಡುಗಿ ತನ್ನ ಮನೆಗೆ ಕರ್ಕೊಂಡು ಹೋಗಿದ್ಲು, ಅವಳಮ್ಮ ಕಪ್ಪಲ್ಲಿ ಊಜಿ ಕೊಟ್ರು, ವಿಂಬಿ ಅನ್ನೋ ಧಾನ್ಯದ್ದು ಅಂದ್ರು. ಒಂದು ಗುಟುಕು ಕುಡಿದೆ. ರಾಗಿ ಗಂಜಿ! ರಾಗಿ ಹುಟ್ಟಿದ್ದೇ ಈ ಪೂರ್ವ ಆಫ್ರಿಕಾದ ಎತ್ತರದ ಜಾಗಗಳಲ್ಲಂತೆ, ನಮ್ಮದು ನಮ್ಮದು ಅಂತ ನಾವು ಜಂಬ ಪಡೋದು ಇದನ್ನೇ. ಎರಡು ಕಪ್ ಕುಡಿದು ಮೂರನೇದಕ್ಕೆ ನಾನೇ ಕಪ್ ಮುಂದೆ ಹಿಡಿದೆ, ಅಜ್ಜಿ ನೋಡಿದ್ರೆ ಮರ್ಯಾದೆ ಹೋಯ್ತು ಅಂತಿದ್ರು.

ಸಂಡೇ ಸ್ಕೂಲಲ್ಲಿ ಜರ್ಮನ್ ಮಿಷನರಿ ಮೋಗ್ಲಿಂಗ್ ಕಥೆ ಬಂದಾಗೆಲ್ಲ ನಾನು ಹಿಂದಿನ ಬೆಂಚಲ್ಲಿ ನಿದ್ದೆ ಹೊಡೀತಿದ್ದೆ, ಟೀಚರಕ್ಕ ಕ್ಷಮಿಸಿ. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಶುರು ಮಾಡಿದ್ರು, ಆಮೇಲೆ ಕೊಡಗಿಗೆ ಬಂದು ನಮ್ಮೂರು ಕಟ್ಟಿದ್ರು ಅಂತ ಪರೀಕ್ಷೆಗೆ ಬರೆದು ಮರೆತಿದ್ದೆ. ಈಗ ಗಾಳಿ ಜೋರಿರೋ ರಾತ್ರಿಗಳಲ್ಲಿ ಆ ಮನುಷ್ಯನ ನೆನಪು ಬರುತ್ತೆ. 1836ರಲ್ಲಿ ಜರ್ಮನಿಯಿಂದ ಬಂದಿಳಿದಾಗ ಇಪ್ಪತ್ತೈದು ವಯಸ್ಸಾಗಿತ್ತು, ಮೊದಲ ವಾರ ಎಲ್ಲಿ ಕೂತು ಅತ್ತಿರ್ಬಹುದು, ಯಾರು ಅವರಿಗೆ ಗಂಜಿ ಕೊಟ್ಟಿರ್ಬಹುದು, ಅವರ ಹೆಸರನ್ನ ಯಾರ್ಯಾರು ಹೇಗೆ ತಪ್ಪಾಗಿ ಕೂಗಿರ್ಬಹುದು. ಪುಸ್ತಕದಲ್ಲಿ ಅದೊಂದೂ ಇರಲಿಲ್ಲ.

ಭಾನುವಾರ ಇಲ್ಲಿ ಸಂಜೆ ನಾಲ್ಕಾದ್ರೆ ಊರಲ್ಲಿ ಆರೂವರೆ, ಆಗ ಅಪ್ಪನ ಫೋನು. ಮೊನ್ನೆ ತಲಕಾವೇರಿ ತೀರ್ಥೋದ್ಭವಕ್ಕೆ ಎಷ್ಟು ರಶ್ಶಿತ್ತು ಅಂತ ಹೇಳಿ, ಮತ್ತೆ ಅದೇ ಪ್ರಶ್ನೆ, ಅಲ್ಲಿ ಕಾಫಿ ಹೇಗಿದೆ. ಬರುವಾಗ ದಾರೀಲಿ ನೋಡಿದೆ ಅಪ್ಪ, ಹೆಚ್ಚಿನ ಕಡೆ ನೆರಳು ಮರನೇ ಇಲ್ಲ, ಬಿಸಿಲಲ್ಲೇ ಗಿಡ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನೆರಳಿಲ್ಲದೆ ಕಾಫಿಯಾ" ಅಂದ್ರು, ನನ್ನ ಬಗ್ಗೆ ಇಷ್ಟು ದಿನ ಪಟ್ಟ ಚಿಂತೆಗಿಂತ ಜಾಸ್ತಿ ಚಿಂತೆಯಿಂದ.

ಸರಿ, ಸ್ಟಡಿ ಅವರ್ ಬೆಲ್ ಆಯ್ತು. ಎಲ್ಲರಿಗೂ ಅಸಾಂತೆ ಸಾನಾ. ಅಪ್ಪಾ, ಅಜ್ಜಿಗೆ ಇದನ್ನ ಓದಿ ಹೇಳುವಾಗ ಆನೆ ಬಂದಿದ್ದನ್ನ ಬಿಟ್ಟು ಓದಿ, ಅವರಿಗೆ ಇನ್ನೂ ಗೊತ್ತಿಲ್ಲ. ಉಪ್ಪಿನಕಾಯಿ ಒಡೆದಿದ್ದನ್ನ ಬೇಕಾದ್ರೆ ಓದಿ, ಮುಂದಿನ ಸಲ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಲಿ, ಕೊರಿಯಾದವಳಿಗೂ ಸೇರಿಸಿ.