ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕೊಳ್ಳಲಿರುವ ಸದಸ್ಯರ ಗಮನಕ್ಕೆ
ಆತ್ಮೀಯ ಸದಸ್ಯರೇ,
ಬೆಂಗಳೂರು, ಪುಣೆ ಬಿಟ್ಟು ಹುಬ್ಬಳ್ಳಿ-ಧಾರವಾಡಕ್ಕೆ ಬಂದು ನೆಲೆಸಲು ಯೋಚಿಸುತ್ತಿರುವವರು ದರ ವಿಚಾರಿಸುವ ಮೊದಲು ನೆಲವನ್ನು ವಿಚಾರಿಸಬೇಕೆಂದು ಕೋರುತ್ತೇನೆ. ಹುಬ್ಬಳ್ಳಿಯ ಸುತ್ತ ಎರೆಭೂಮಿ (ಕಪ್ಪು ಮಣ್ಣಿನ ನೆಲ) ಹೆಚ್ಚು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಈ ಮಣ್ಣಿನಲ್ಲಿ ತಳಪಾಯವನ್ನು ಗಟ್ಟಿ ಪದರದವರೆಗೆ ಇಳಿಸದೆ ಕಟ್ಟಿದ ಮನೆಯ ಗೋಡೆಗಳು ಸೀಳುತ್ತವೆ (ನಮ್ಮ ಮನೆಯಲ್ಲೇ ಇದನ್ನು ಅನುಭವಿಸಿದ್ದೇವೆ). ಆದ್ದರಿಂದ ಹೊಸ ಬಣ್ಣವನ್ನು ನಂಬದೆ, ಮೇ ತಿಂಗಳಲ್ಲೊಮ್ಮೆ ಬಂದು ಅದೇ ಬಡಾವಣೆಯ ಹಳೆಯ ಮನೆಗಳನ್ನು ನೋಡಿರಿ. ಮಲಪ್ರಭೆಯ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂಬುದನ್ನು ಆ ಓಣಿಯಲ್ಲಿ ವಾಸಿಸುವವರನ್ನೇ ಕೇಳಿರಿ. ಎನ್‌.ಎ. ಆದೇಶ (ಕೃಷಿ ಭೂಮಿಯನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಿದ ಆದೇಶ), ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿತ ನಕ್ಷೆ, ಇ-ಖಾತೆ (ಆಸ್ತಿಯ ಡಿಜಿಟಲ್ ದಾಖಲೆ) ಮತ್ತು ಆಸ್ತಿಯ ಮೇಲಿನ ಸಾಲ-ಹೊರೆಗಳನ್ನು ತೋರಿಸುವ ಋಣಭಾರ ಪತ್ರಗಳನ್ನು ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿರಿ. ಎರಡು ಊರುಗಳ ನಡುವಿನ ಸುಮಾರು 20 ಕಿ.ಮೀ. ದಾರಿಯಲ್ಲಿ ತ್ವರಿತ ಸಾರಿಗೆಯ ಚಿಗರಿ ಬಸ್ಸುಗಳಿರುವುದರಿಂದ, ಹುಬ್ಬಳ್ಳಿಯಲ್ಲಿ ಕೆಲಸವಿರುವವರೂ ಧಾರವಾಡದಲ್ಲಿ ಮನೆ ನೋಡಬಹುದು.