ಕುತ್ತಿಗೆ ಬಾಗದ ರೋಗಿಗೆ ಮಾತಾದರೂ ತಿಳಿಯಬೇಡವೇ?

ಮಾನ್ಯ ಸಂಪಾದಕರೇ,

ಅಡಿಕೆಗೆ ಮದ್ದು ಬಿಡಲು ಹತ್ತಿ ಕಂಗಿನಿಂದ ಬಿದ್ದವರ ಸುದ್ದಿ ಪ್ರತಿ ಮಳೆಗಾಲದಲ್ಲೂ ಪತ್ರಿಕೆಯಲ್ಲಿ ಬರುತ್ತದೆ. ಕುತ್ತಿಗೆಗೆ ಕಾಲರ್ ಹಾಕಿಸಿಕೊಂಡು ಆಸ್ಪತ್ರೆ ಸೇರಿದ ಇಂಥವರಿಗೂ, ವಾತದಿಂದ ಬೆನ್ನು-ಕುತ್ತಿಗೆ ಕೋಲಿನಂತೆ ಸೆಟೆದವರಿಗೂ, ಸುಟ್ಟ ಗಾಯ ಮಾಗಿ ಗದ್ದ ಎದೆಗೆ ಅಂಟಿದವರಿಗೂ ಆಪರೇಷನ್ನಿಗೆ ಮೊದಲು ಒಂದೇ ಗಂಡಾಂತರ: ಶ್ವಾಸನಾಳಕ್ಕೆ ಟ್ಯೂಬು ಹಾಕುವುದು. ಈ ಕೆಲಸಕ್ಕೆ ಉಪಕರಣದಷ್ಟೇ ಭಾಷೆಯೂ ಬೇಕು. ಕನ್ನಡ, ತುಳು ಮಾತಿನ ರೋಗಿಗಳೂ ಇರುವ ಕೇರಳದ ಕಾಸರಗೋಡಿನಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲವಾದ್ದರಿಂದ ಈ ಪತ್ರ.

ಸಾಮಾನ್ಯವಾಗಿ ತಲೆಯಡಿಗೆ ದಿಂಬಿಟ್ಟು, ಕುತ್ತಿಗೆಯನ್ನು ಮುಂದಕ್ಕೆ ತಂದು, ತಲೆಯನ್ನು ಹಿಂದಕ್ಕೆ ಬಾಗಿಸುತ್ತಾರೆ. ಆಗ ಗಂಟಲೊಳಗೆ ನೋಡುವ ಉಪಕರಣವಾದ ಲಾರಿಂಗೋಸ್ಕೋಪಿನ ಅಲಗಿನಿಂದ ನಾಲಗೆ ಎತ್ತಿದರೆ ಧ್ವನಿತಂತುಗಳು ಕಣ್ಣಿಗೆ ಬೀಳುತ್ತವೆ. ಕುತ್ತಿಗೆ ಬಾಗದಿದ್ದರೆ ಕಾಣುವುದು ನಾಲಗೆಯ ಬುಡ ಮಾತ್ರ. ಬಲವಂತವಾಗಿ ಬಾಗಿಸಿದರೆ ಮುರಿದ ಎಲುಬು ಸರಿದು ಬೆನ್ನುಹುರಿಗೆ ಪೆಟ್ಟಾದೀತು. ರುಮಟಾಯ್ಡ್ ವಾತ ಇರುವವರಲ್ಲಿ ಕುತ್ತಿಗೆಯ ಮೇಲ್ತುದಿಯ ಎರಡು ಎಲುಬುಗಳ ಕಟ್ಟು ಸಡಿಲಾಗಿರಬಹುದು. ಎಲ್ಲಿಂದಲೂ ಬೀಳದಿದ್ದರೂ ಅವರಿಗೆ ಈ ಅಪಾಯ ಉಂಟು.

ಬಿದ್ದು ಪ್ರಜ್ಞೆ ತಪ್ಪಿ ಬಂದವರಲ್ಲಿ ಕಾಯಲು ಹೊತ್ತಿರುವುದಿಲ್ಲ. ಕಾಲರ್ ಇದ್ದರೆ ಬಾಯಿ ಸರಿಯಾಗಿ ತೆರೆಯದು. ಅದರ ಮುಂಭಾಗ ಬಿಚ್ಚಿ, ಸಹಾಯಕರೊಬ್ಬರು ಎರಡೂ ಕಿವಿಗಳ ಹಿಂದಿನ ಎಲುಬಿಗೆ ಕೈಕೊಟ್ಟು ತಲೆಯನ್ನು ಅಲುಗದಂತೆ ಹಿಡಿಯಬೇಕು. ಹಿಡಿಯುವುದಷ್ಟೇ, ಎಳೆಯುವುದಲ್ಲ. ಹೀಗೆ ಹಿಡಿದಾಗ ಗಂಟಲಿನ ನೋಟ ಇನ್ನಷ್ಟು ಕೆಡುತ್ತದೆ. ಆಗ ನೆರವಿಗೆ ಬರುವುದು ಬೂಜಿ, ತುದಿ ತುಸು ಬಾಗಿದ ತೆಳ್ಳನೆಯ ಉದ್ದ ಕಡ್ಡಿ. ಶ್ವಾಸನಾಳ ಹೊಕ್ಕರೆ ಅದರ ಉಂಗುರಗಳಿಗೆ ತಾಗಿ ಟಕ್ ಟಕ್ ಎಂದು ಬೆರಳಿಗೆ ತಿಳಿಯುತ್ತದೆ. ಅನ್ನನಾಳಕ್ಕೆ ಹೋದರೆ ನುಣ್ಣಗೆ ಜಾರುತ್ತದೆ. ಅದರ ಮೇಲೆ ಟ್ಯೂಬು ಇಳಿಸುವಾಗ ಅಡ್ಡಿಯಾದರೆ ತಳ್ಳಬಾರದು. ತುಸು ಹಿಂದೆಳೆದು ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಿದರೆ ಹೆಚ್ಚಾಗಿ ಒಳಗಿಳಿಯುತ್ತದೆ.

ಅಲಗಿನ ತುದಿಯಲ್ಲಿ ಕ್ಯಾಮೆರಾ ಇರುವ ವೀಡಿಯೊ ಲಾರಿಂಗೋಸ್ಕೋಪಿನಲ್ಲಿ ಬೇರೆಯೇ ತೊಡಕು: ಧ್ವನಿತಂತು ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ, ಟ್ಯೂಬು ಮಾತ್ರ ಹೋಗುವುದಿಲ್ಲ. ಹೆಚ್ಚಾಗಿ ಅಲಗನ್ನು ತೀರ ಹತ್ತಿರ ಒಯ್ದದ್ದೇ ಕಾರಣ. ತುಸು ಹಿಂದೆ ತಂದರೆ ಟ್ಯೂಬಿಗೆ ಜಾಗ ಸಿಗುತ್ತದೆ. ತುಂಬ ಬಾಗಿದ ಅಲಗಾದರೆ ಟ್ಯೂಬಿನೊಳಗಿನ ಸ್ಟೈಲೆಟ್ಟನ್ನೂ (ಬಗ್ಗಿಸಬಹುದಾದ ಕಡ್ಡಿ) ಅದೇ ಬಾಗಿಗೆ ಬಗ್ಗಿಸಬೇಕು. ಟ್ಯೂಬು ಬಾಯಿ ದಾಟುವವರೆಗೆ ಕಣ್ಣು ಬಾಯಿಯ ಮೇಲಿರಬೇಕು, ಪರದೆಯ ಮೇಲಲ್ಲ. ಇಲ್ಲವಾದರೆ ಅಂಗುಳ ಹರಿದೀತು.

ಹೊತ್ತಿದ್ದರೆ, ರೋಗಿಗೆ ಪ್ರಜ್ಞೆಯೂ ಇದ್ದರೆ, ಎಚ್ಚರವಿರುವಾಗಲೇ ಟ್ಯೂಬು ಹಾಕುವುದು ಹೆಚ್ಚು ಕ್ಷೇಮ. 'ಎಚ್ಚರವಿದ್ದವರ ಗಂಟಲಿಗೆ ಪೈಪು ತುರುಕುವುದೇ?' ಎಂದು ಮನೆಯವರು ಗಾಬರಿಯಾಗುವುದು ಸಹಜ. ಆದರೆ ಅರಿವಳಿಕೆ ಕೊಟ್ಟು ಉಸಿರು ನಿಲ್ಲಿಸಿದ ಮೇಲೆ ಟ್ಯೂಬು ಹೋಗದಿದ್ದರೆ ಕೈಯಲ್ಲಿರುವುದು ಕೆಲವೇ ನಿಮಿಷ. ಎಚ್ಚರವಿದ್ದವರು ತಮ್ಮ ಉಸಿರನ್ನು ತಾವೇ ಆಡುತ್ತಿರುತ್ತಾರೆ. ಜೊಲ್ಲು ಆರಲು ಮುಂಚಿತವಾಗಿ ಗ್ಲೈಕೊಪೈರೊಲೇಟ್ 0.2 ಮಿಲಿಗ್ರಾಂ, ಉದ್ದಕ್ಕೂ ಮೂಗಿನಿಂದ ಆಮ್ಲಜನಕ. ಮರಗಟ್ಟಿಸಲು ಲಿಗ್ನೊಕೇನ್, ಮಿತಿ ಕೊಬ್ಬು ಬಿಟ್ಟ ತೂಕದ ಕಿಲೋಗೆ 9 ಮಿಲಿಗ್ರಾಂ. ಆ ತೂಕ 50 ಕಿಲೋ ಆದರೆ 450 ಮಿಲಿಗ್ರಾಂ. ಶೇ. 10ರ ಸ್ಪ್ರೇಯಲ್ಲಿ ಒಂದು ಒತ್ತಿಗೆ 10 ಮಿಲಿಗ್ರಾಂ ಬೀಳುತ್ತದೆ. ಮೂಗಿಗೆ, ಗಂಟಲಿಗೆ, ಧ್ವನಿತಂತಿಗೆ ಹಾಕಿದ್ದೆಲ್ಲ ಒಂದೇ ಲೆಕ್ಕಕ್ಕೆ ಸೇರಬೇಕು. ತುಟಿ ಜುಮ್ಮೆನ್ನುವುದು, ಕಿವಿ ಗುಂಯ್‌ಗುಡುವುದು ಮದ್ದು ಹೆಚ್ಚಾದ ಲಕ್ಷಣ. ಮರಗಟ್ಟಿದೆಯೇ ಎಂದು ಮೆತ್ತನೆಯ ಸಕ್ಷನ್ ತುದಿಯಿಂದ ಗಂಟಲು ಮುಟ್ಟಿ ನೋಡಿಯೇ ಫೈಬರ್ ಸ್ಕೋಪು, ಅಂದರೆ ಒಳಗನ್ನು ತೋರಿಸುವ ಬಾಗುವ ತೆಳ್ಳನೆಯ ಕೊಳವೆ, ಇಳಿಸುವುದು. ಟ್ಯೂಬು ಶ್ವಾಸನಾಳದಲ್ಲಿರುವುದನ್ನು ಸ್ಕೋಪಿನಲ್ಲಿ ಕಂಡು, ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫಿನಲ್ಲಿ ಅಲೆ ಮೂಡಿದ ಮೇಲಷ್ಟೇ ನಿದ್ದೆಯ ಮದ್ದು.

ನಮ್ಮ ಕಡೆ ಇನ್ನೊಂದು ಬೀಗವೂ ಇದೆ. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ಎರಡು ಬೆರಳಿನಷ್ಟೂ ತೆರೆಯದೆ ಹೋಗುವುದುಂಟು. ಆಗ ಮೂಗೇ ದಾರಿ. ರಕ್ತ ಒಸರದಂತೆ ಮೊದಲೇ ಜೈಲೊಮೆಟಜೊಲಿನ್ ಹನಿ ಹಾಕಬೇಕು, ಟ್ಯೂಬು ಸಣ್ಣದಿರಬೇಕು. ರಕ್ತ ಬಂದರೆ ಸ್ಕೋಪಿನ ಕಣ್ಣು ಮುಚ್ಚಿದಂತೆಯೇ.

ಇಷ್ಟೆಲ್ಲ ನಡೆಯುವುದು ರೋಗಿ ಹೇಳಿದಂತೆ ಮಾಡಿದರೆ ಮಾತ್ರ. ನಾಲಗೆ ಹೊರಗೆ ಚಾಚಬೇಕು, ಸ್ಪ್ರೇ ಒತ್ತುವಾಗ ಸರಿಯಾಗಿ ಉಸಿರೆಳೆಯಬೇಕು, ನುಂಗಬಾರದು. ನುಂಗಿದರೆ ಮದ್ದು ಹೊಟ್ಟೆಗೆ ಹೋಗುತ್ತದೆ, ಗಂಟಲು ಮರಗಟ್ಟುವುದಿಲ್ಲ, ಕೆಮ್ಮು ಶುರು. ಕೆಮ್ಮಿದರೆ ಜೋಪಾನ ಮಾಡಿದ ಕುತ್ತಿಗೆಯೇ ಅಲುಗುತ್ತದೆ. ಕುಂಬಳೆಯ ಕನ್ನಡದ ಅಜ್ಜಿಗೋ ಪೈವಳಿಕೆಯ ತುಳುವಿನ ಕೂಲಿಯಾಳಿಗೋ ಮಲಯಾಳಂನಲ್ಲಿ 'ಶ್ವಾಸಂ ವಲಿಕ್ಕೂ' (ಉಸಿರೆಳೆಯಿರಿ) ಎಂದರೆ ಗಾಬರಿಯಲ್ಲಿ ತಲೆಗೆ ಹೋದೀತೇ? ಆಗ ಗದರುತ್ತಾರೆ, ಇಲ್ಲವೇ ಟ್ಯೂಬಿಗೆ ಮೊದಲೇ ಮಂಪರಿನ ಮದ್ದು ಹೆಚ್ಚಿಸುತ್ತಾರೆ. ಎರಡನೆಯದು ಉಸಿರಿಗೇ ಮುಳುವು.

ಸರ್ಕಾರದೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಇಲ್ಲಿನವರಿಗೆ ಕೊಟ್ಟಿದೆ. ಆಪರೇಷನ್ ಕೋಣೆಯ ನಾಲ್ಕು ಮಾತಿಗೆ ಕಾಯಿದೆಯೇನೂ ಬೇಕಿಲ್ಲ. 'ನಾಲಗೆ ಹೊರಗೆ ಹಾಕಿ', 'ಜೋರಾಗಿ ಉಸಿರೆಳೆಯಿರಿ', 'ನುಂಗಬೇಡಿ', 'ನೋವಾದರೆ ಕೈ ಎತ್ತಿ': ಇವನ್ನು ಕನ್ನಡ, ತುಳು ಎರಡರಲ್ಲೂ ಮಲಯಾಳಂ ಲಿಪಿಯಲ್ಲಿ ಬರೆದು ಅರಿವಳಿಕೆ ಯಂತ್ರಕ್ಕೆ ಅಂಟಿಸಿದರೆ, ಭಾಷೆ ಬಾರದ ವೈದ್ಯರೂ ಓದಿ ಹೇಳಬಹುದು. ಸಮ್ಮತಿ ಪತ್ರ ಕನ್ನಡದಲ್ಲಿರಲಿ. ಹಿಂದಿನ ದಿನವೇ ಕನ್ನಡ ಬಲ್ಲ ನರ್ಸ್ ಒಬ್ಬರು ಹಾಸಿಗೆಯ ಬಳಿ ಕೂತು ಈ ಮಾತುಗಳನ್ನು ಒಮ್ಮೆ ಮಾಡಿಸಿ ನೋಡಲಿ.

ಓದುಗರಿಗೂ ಒಂದು ಮಾತು. ಟ್ಯೂಬು ಹಾಕಲು ಕಷ್ಟವಾಗಿತ್ತು ಎಂದು ವೈದ್ಯರು ಬರೆದುಕೊಟ್ಟ ಚೀಟಿಯನ್ನು ಎಸೆಯಬೇಡಿ. ಚಿಕಿತ್ಸೆಗೆ ಮಂಗಳೂರಿಗೆ ಹೋಗುವಾಗ ಎಕ್ಸ್‌ರೇ ಜೊತೆಗೆ ಅದೂ ಇರಲಿ.

ಅರಿವಳಿಕೆ ವಿಭಾಗದ ಇಬ್ಬರು ವೈದ್ಯರು, ಕಾಸರಗೋಡು