ನನ್ನ ಮೊಣಕಾಲು ಮಡಚಿಸಿದವರಿಗೆಲ್ಲ

ಈ ಸಲ ಎಳ್ಳ ಅಮಾವಾಸ್ಯೆಗೆ ನಮ್ಮ ಮನೆಯಿಂದ ಸಜ್ಜೆ ರೊಟ್ಟಿ ಆರ್ಡರ್ ಹೋಯಿತು. ಬಡಿದವಳು ನಾನೇ, ನಿಂತುಕೊಂಡು. ಕಲಬುರಗಿ ಕಡೆಯವರಿಗೆ ಈ ಹಬ್ಬದ ಬಗ್ಗೆ ಹೇಳಬೇಕಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಅಂತ ಭೂಮಿತಾಯಿಗೆ ಆ ಅಡಿಗೆಯನ್ನೇ ಹೊಲದಲ್ಲಿ ಚೆಲ್ಲಿ, ಎಲ್ಲರೂ ಕೂಡಿ ಉಣ್ಣುವ ದಿನ. ಮಳೆಗಾಲದಲ್ಲಿ ಬಲಗಾಲಿನ ಮಂಡಿ ಬದಲಿಸುವ ಆಪರೇಷನ್ ಆದಾಗ, ಹಬ್ಬದ ಹೊತ್ತಿಗೆ ನಾನು ಹಂಚಿನ ಮುಂದೆ ಇರುತ್ತೇನೆ ಅಂತ ನಂಬಿದವರು ಕಡಿಮೆ. ನಂಬಿದವರಿಗೂ, ನಂಬಿಕೆ ಇಲ್ಲದಿದ್ದರೂ ಬಂದು ನನಗಾಗಿ ದುಡಿದವರಿಗೂ ಒಂದು ಮಾತು ಹೇಳಬೇಕು. ಬಾಯಲ್ಲಿ ಹೇಳಿದ್ದು ಸಾಲಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ರೊಟ್ಟಿ ಕೆಲಸ. ಮದುವೆ, ಖಾನಾವಳಿ, ಹಾಸ್ಟೆಲ್ ಅಂತ ಜೋಳದ ರೊಟ್ಟಿ, ಗರಿಗರಿಯಾದ ಕಟಕ್ ರೊಟ್ಟಿ ಮಾಡಿ ಕೊಡುತ್ತೇನೆ. ಮದುವೆಯಾಗಿ ಬಂದಾಗಿನಿಂದ ನೆಲದ ಮೇಲೆ ಕುಳಿತು, ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಬಡಿದವಳು. ಕೆಲವು ವರ್ಷಗಳಿಂದ ಕುಳಿತರೆ ಏಳಲು ಆಗುತ್ತಿರಲಿಲ್ಲ. ಗೋಡೆ ಹಿಡಿದು, ಸೊಸೆಯ ಹೆಗಲು ಹಿಡಿದು ಏಳುತ್ತಿದ್ದೆ. ರಾತ್ರಿ ನೋವಿಗೆ ಎಚ್ಚರ ಆಗುತ್ತಿತ್ತು. ಎಕ್ಸ್‌ರೇ ನೋಡಿ ಡಾಕ್ಟರು, ಎರಡು ಮೂಳೆ ನಡುವಿನ ಮೃದ್ವಸ್ಥಿ ಸವೆದು ಮೂಳೆಗೆ ಮೂಳೆ ತಾಗುತ್ತಿದೆ, ಇನ್ನು ಗುಳಿಗೆಯಿಂದ ಆಗುವುದಿಲ್ಲ ಎಂದರು.

ಮೊದಲ ಕೃತಜ್ಞತೆ ನಮ್ಮ ಮಹಿಳಾ ಸಂಘದವರಿಗೆ. ಸಾಲ ಕೇಳಿದ ದಿನವೇ ಎಲ್ಲರೂ ಕೈ ಎತ್ತಿದರು. ಹಾಗೇ ನಮ್ಮ ಓಣಿಯ ಔಷಧಿ ಅಂಗಡಿಯ ಹುಡುಗನಿಗೆ. 2017ರ ಆಗಸ್ಟ್‌ನಲ್ಲೇ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗೆ, ಅಂದರೆ ಒಳಗೆ ಕೂರಿಸುವ ಕೃತಕ ಕೀಲಿಗೆ, ಬೆಲೆ ಮಿತಿ ಹಾಕಿದೆ, ಜಾಸ್ತಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಲೋಹದ್ದು ಮೊದಲು ಸರಾಸರಿ ಒಂದೂವರೆ ಲಕ್ಷದ ಮೇಲಿತ್ತು, ಆಗ 54,720 ರೂಪಾಯಿಗೆ ಇಳಿಸಿದರು ಅಂತ ನಮಗೆ ತಿಳಿಸಿದವನು ಅವನೇ. ಅದು ಗೊತ್ತಿದ್ದದ್ದಕ್ಕೆ ಇಂಪ್ಲಾಂಟ್‌ಗೆ ಎಷ್ಟು, ಉಳಿದದ್ದಕ್ಕೆ ಎಷ್ಟು ಅಂತ ಬಿಡಿಸಿ ಕೇಳುವ ಧೈರ್ಯ ನಮ್ಮವರಿಗೆ ಬಂತು.

ಆಪರೇಷನ್ ಬಗ್ಗೆ ನಾನು ಹೇಳುವುದು ಏನೂ ಇಲ್ಲ, ನನಗೆ ಅದು ಗೊತ್ತೇ ಆಗಲಿಲ್ಲ. ಡಾಕ್ಟರು ಚೆನ್ನಾಗಿ ಮಾಡಿದರು, ಅವರಿಗೆ ಕೈ ಮುಗಿಯುತ್ತೇನೆ. ಆದರೆ ನಿಜವಾದ ಕೆಲಸ ಆಮೇಲೆ ಶುರು ಆಗುತ್ತದೆ, ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ.

ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಹಾಸಿಗೆಯಲ್ಲಿದ್ದಾಗ ಪಾದ ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ ಎಂದರು. ಮನೆಗೆ ಬಂದ ಮೇಲೆ ಫಿಜಿಯೋಥೆರಪಿ ಮಾಡಿಸಲು ಒಬ್ಬ ಹುಡುಗಿ ಬರತೊಡಗಿದಳು. ನನ್ನ ಮಗಳ ವಯಸ್ಸಿನವಳು. ಹೆಸರು ಹಾಕಬೇಡಿ ಎಂದಿದ್ದಾಳೆ, ಹಾಕುವುದಿಲ್ಲ. ಬಂದ ಮೊದಲ ದಿನ ಅವಳು ಮಾಡಿದ್ದು ಮಂಡಿ ಕೆಳಗಿನ ದಿಂಬು ತೆಗೆದದ್ದು. ನಮ್ಮ ಅತ್ತಿಗೆ ಪ್ರೀತಿಯಿಂದ ಇಟ್ಟಿದ್ದ ದಿಂಬು ಅದು, ಹಾಯ್ ಅನಿಸುತ್ತಿತ್ತು ಕೂಡ. "ಮಂಡಿ ಕೆಳಗ ದಿಂಬು ಇಟ್ರ ಕಾಲು ಬಗ್ಗಿದ್ದು ಬಗ್ಗಿದಂಗೇ ಉಳಿತದರಿ, ಪೂರ್ತಿ ನೆಟ್ಟಗ ಆಗಂಗಿಲ್ಲ, ಆಮ್ಯಾಲ ಕುಂಟಬೇಕಾಗ್ತದ" ಎಂದು ಅದನ್ನು ಹಿಮ್ಮಡಿ ಕೆಳಗೆ ಇಟ್ಟಳು. ಮಂಡಿ ತಾನೇ ಕೆಳಗೆ ಇಳಿಯಬೇಕು, ತೊಡೆ ಬಿಗಿ ಮಾಡಿ ಒತ್ತಿ ಹಿಡಿಯಬೇಕು. ಎಲ್ಲರೂ ಮಡಚುವುದನ್ನೇ ಕೇಳುತ್ತಾರೆ, ನೆಟ್ಟಗೆ ಮಾಡುವುದು ಅಷ್ಟೇ ಮುಖ್ಯ ಅಂತ ನನಗೆ ಕಲಿಸಿದವಳು ಅವಳು.

ಮಡಚುವುದಂತೂ ಬೇರೆಯೇ ಕಥೆ. ಹಾಸಿಗೆ ಮೇಲೆ ಹಿಮ್ಮಡಿ ಎಳೆದುಕೊಳ್ಳುತ್ತಾ ಬರಬೇಕು, ಇನ್ನು ಆಗುವುದಿಲ್ಲ ಅನ್ನುವ ಕಡೆ ನಿಂತು ಇನ್ನೂ ಸ್ವಲ್ಪ ಎಳೆಯಬೇಕು. ಕಣ್ಣಲ್ಲಿ ನೀರು ತಾನಾಗೇ ಬರುತ್ತಿತ್ತು. ಅವಳು ಕೋನ ಅಳೆಯುವ ಪಟ್ಟಿ ಹಿಡಿದು ಲೆಕ್ಕ ಬರೆದುಕೊಳ್ಳುತ್ತಿದ್ದಳು. ಕುರ್ಚಿಯಿಂದ ಸಲೀಸಾಗಿ ಏಳಲು, ಮೆಟ್ಟಿಲು ಹತ್ತಿ ಇಳಿಯಲು 90 ಡಿಗ್ರಿ ಹತ್ತಿರವೋ ಅದಕ್ಕಿಂತ ಜಾಸ್ತಿಯೋ ಬೇಕಂತೆ. ಮೊದಲ ವಾರಗಳಲ್ಲಿ ಬಿಟ್ಟರೆ ಒಳಗೆ ಗಾಯದ ಅಂಗಾಂಶ ಬಿಗಿದುಕೊಳ್ಳುತ್ತದೆ, ಆಮೇಲೆ ಕೆಲವರಿಗೆ ಮತ್ತೆ ಅರಿವಳಿಕೆ ಕೊಟ್ಟು ಡಾಕ್ಟರೇ ಮಡಚಬೇಕಾಗುತ್ತದೆ. ಇದನ್ನು ಅವಳು ನನಗೆ ಹೇಳಿದ ರೀತಿ ನೋಡಿ: "ನಾದಿದ ಹಿಟ್ಟು ಮುಚ್ಚದ ಬಿಟ್ರ ಏನಾಗ್ತದ ಅಂತ ನಿಮಗ ನಾ ಹೇಳಬೇಕೇನ್ರಿ ಯಕ್ಕಾ?" ಅಷ್ಟು ಸಾಕಾಯಿತು ನನಗೆ. "ಅತ್ತರ ಅಳ್ರಿ, ಆದ್ರ ಮಡಚ್ರಿ" ಅನ್ನುತ್ತಿದ್ದಳು. ಒಂದು ದಿನವೂ ಗಟ್ಟಿಯಾಗಿ ಗದರಲಿಲ್ಲ. ಒಂದು ದಿನವೂ ಬಿಡಲೂ ಇಲ್ಲ. ನೋವಿನ ಗುಳಿಗೆ ಅರ್ಧ ಗಂಟೆ ಮೊದಲು ತಗೊಂಡು ವ್ಯಾಯಾಮ, ಮುಗಿದ ಮೇಲೆ ಕಾಲು ಎದೆಗಿಂತ ಮೇಲೆ ಇಟ್ಟು ಟವೆಲ್ ಸುತ್ತಿದ ಐಸ್, ಹದಿನೈದು ಇಪ್ಪತ್ತು ನಿಮಿಷ. ಆ ಐಸು ದಿನಾ ಪಕ್ಕದ ಮನೆಯ ಫ್ರಿಜ್‌ನಿಂದ ಬಂತು. ಒಂದು ದಿನ ಕರೆಂಟ್ ಹೋಗಿತ್ತು ಅಂತ ಅವರ ಮಗ ಸೈಕಲ್ ಮೇಲೆ ಎಲ್ಲಿಂದಲೋ ತಂದುಕೊಟ್ಟ. ಅವನ ತಲೆ ಮೇಲೆ ಕೈ ಇಟ್ಟು ಹರಸುತ್ತೇನೆ.

ನಮ್ಮಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ನೋಡಲು ಬರುವವರು ಬಹಳ. ಹಣ್ಣು ತರುತ್ತಾರೆ, ಹತ್ತಿರ ಕುಳಿತು "ಪಾಪ, ಸುಮ್ನೆ ಮಲಗು, ಏಳಬೇಡ" ಅನ್ನುತ್ತಾರೆ. ಪ್ರೀತಿಯ ಮಾತೇ, ನನಗೆ ಗೊತ್ತು, ಯಾರ ಮೇಲೂ ಸಿಟ್ಟಿಲ್ಲ. ಆದರೆ ಆ ಹೊತ್ತಲ್ಲಿ ಅದಕ್ಕಿಂತ ಹಿತವಾದ ಮಾತೂ ಇಲ್ಲ, ಅದಕ್ಕಿಂತ ಹಾನಿ ಮಾಡುವ ಮಾತೂ ಇಲ್ಲ. ಹಾಗಾಗಿ ನನ್ನ ಮೇಲೆ ಕನಿಕರ ತೋರಿಸದೆ ಎಬ್ಬಿಸಿದವರಿಗೆ ನಾನು ಜಾಸ್ತಿ ಋಣಿ.

ಅವರಲ್ಲಿ ಮೊದಲಿಗರು ದರ್ಗಾ ಕಡೆಯಿಂದ ಬರುತ್ತಿದ್ದ ಖಾಲಾ. ನನ್ನ ಹಳೆಯ ಗಿರಾಕಿ, ಎರಡೂ ಮಂಡಿ ಬದಲಿಸಿಕೊಂಡವರು. ಬಂದು ತಮ್ಮ ಹೊಲಿಗೆ ಗುರುತು ತೋರಿಸಿದರು, ನನ್ನ ಮುಂದೆ ಎದ್ದು ಕುಳಿತು ತೋರಿಸಿದರು. ಗಾಯದ ಹೊರಗಿನ ಪಕ್ಕ ಜೋಮು ಹಿಡಿದ ಹಾಗೆ ಇರುತ್ತದೆ, ಹೆದರಬೇಡ, ಕೆಲವರಿಗೆ ಅದು ಪೂರ್ತಿ ಹೋಗುವುದೇ ಇಲ್ಲ. ಒಳಗೆ ಟಕ್ ಟಕ್ ಅನ್ನುತ್ತದೆ, ಲೋಹ ಪ್ಲಾಸ್ಟಿಕ್ ತಾಗುವ ಸದ್ದು ಅದು. ಮಂಡಿ ತಿಂಗಳುಗಟ್ಟಲೆ ಬೆಚ್ಚಗಿರುತ್ತದೆ. ಇದನ್ನೆಲ್ಲ ಮೊದಲೇ ಹೇಳಿದ್ದಕ್ಕೆ ನಾನು ರಾತ್ರಿ ಗಾಬರಿ ಆಗಲಿಲ್ಲ. ತಾವು ಈಗ ಕುರ್ಚಿ ಮೇಲೆ ಕುಳಿತೇ ನಮಾಜ್ ಮಾಡುವುದು, ದೇವರಿಗೆ ಅದು ಗೊತ್ತಾಗುತ್ತದೆ ಎಂದರು. ನಾನೂ ಈಗ ದೇವರ ಮುಂದೆ ಸ್ಟೂಲ್ ಹಾಕಿಕೊಂಡಿದ್ದೇನೆ.

ನೆಲದ ಮೇಲೆ ಕುಳಿತು ಬಡಿಯುವುದು ಇನ್ನು ಬೇಡ ಅಂದಾಗ ಮಾತ್ರ ನಿಜವಾಗಿ ಎದೆ ಒಡೆದಿತ್ತು. ಕೆಲಸವೇ ಹೋಯಿತು ಅಂದುಕೊಂಡೆ. ಆಗ ನಮ್ಮ ಗೌಂಡಿ ತಮ್ಮ, ಯಾರೂ ಹೇಳದೆ, ಒಂದು ಭಾನುವಾರ ಬಂದು ನನ್ನ ಮೊಣಕೈ ಎತ್ತರ ಅಳೆದು, ಅದಕ್ಕಿಂತ ಸ್ವಲ್ಪ ತಗ್ಗಿಗೆ ಶಹಾಬಾದ್ ಕಲ್ಲಿನ ಕಟ್ಟೆ ಕಟ್ಟಿದ. ಒಲೆಯೂ ಅದೇ ಎತ್ತರಕ್ಕೆ. ನೆಲದ ಶಹಾಬಾದ್ ಕಲ್ಲು ನೀರು ಬಿದ್ದರೆ ಜಾರುತ್ತದೆ ಅಂತ ನಾನು ನಿಲ್ಲುವ ಕಡೆ ಗರಸು ಮಾಡಿದ. ಕೂಲಿ ತಗೊಳ್ಳಲಿಲ್ಲ. ಫಿಜಿಯೋ ಹುಡುಗಿ ಆ ಕಟ್ಟೆ ನೋಡಿ ಬಹಳ ಖುಷಿಪಟ್ಟಳು. ಅದನ್ನೇ ಹಿಡಿದು ಹಿಮ್ಮಡಿ ಎತ್ತುವುದು, ಸ್ವಲ್ಪ ಮಂಡಿ ಬಗ್ಗಿಸಿ ಏಳುವುದು ಮಾಡಿಸಿದಳು. ಆಮೇಲೆ ಒಂದು ರೊಟ್ಟಿ, ಮರುದಿನ ಇನ್ನಷ್ಟು. ನಿಂತು ಬಡಿಯುವಾಗ ಎರಡೂ ಕಾಲಿಗೆ ಸಮ ಭಾರ ಹಾಕಬೇಕು, ಅದೇ ನನಗೆ ವ್ಯಾಯಾಮ ಆಯಿತು.

ನಾನು ಮಲಗಿದ್ದಾಗ ಕೆಲಸ ನಿಲ್ಲಿಸದೆ ನಡೆಸಿದ ನನ್ನ ಜೊತೆಯ ಹೆಣ್ಣುಮಕ್ಕಳಿಗೆ ಏನು ಹೇಳಲಿ? ಬೆಳಗ್ಗೆ ಕತ್ತಲಿರುವಾಗಲೇ ಬಂದು ಎಸರಿಡುತ್ತಿದ್ದರು. ಆ ಸದ್ದು ಕೇಳುತ್ತಾ ನಾನು ಒಳಗೆ ಕಾಲು ಆಡಿಸುತ್ತಿದ್ದೆ. ಸೊಸೆ ನನ್ನನ್ನು ಸ್ನಾನಕ್ಕೆ ಕರೆದೊಯ್ದಳು, ಮುಖ ಸಿಂಡರಿಸಲಿಲ್ಲ. ನಮ್ಮವರು ಮೆಟ್ಟಿಲ ಹತ್ತಿರ ನಿಂತು "ಹತ್ತುವಾಗ ಒಳ್ಳೆ ಕಾಲು, ಇಳಿಯುವಾಗ ಆಪರೇಷನ್ ಕಾಲು" ಅಂತ ದಿನಾ ಹೇಳುತ್ತಿದ್ದರು, ಕೋಲು ಎಡಗೈಲಿ ಹಿಡಿ ಅಂತ ನೆನಪಿಸುತ್ತಿದ್ದರು. ಆರ್ಡರ್ ಬೇರೆ ಕಡೆ ಕೊಡದೆ ಕಾದ ಗಿರಾಕಿಗಳಿಗೆ, ಕಡಿಮೆ ರೊಟ್ಟಿ ಕಳಿಸಿದಾಗಲೂ ಪೂರ್ತಿ ದುಡ್ಡು ಕೊಟ್ಟ ಖಾನಾವಳಿಯವರಿಗೆ, ನಮಸ್ಕಾರ.

ಇನ್ನೂ ಪೂರ್ತಿ ಗುಣ ಆಗಿಲ್ಲ. ಸಂಜೆ ಸ್ವಲ್ಪ ಊದುತ್ತದೆ, ವರ್ಷದವರೆಗೂ ಸುಧಾರಿಸುತ್ತಾ ಹೋಗುತ್ತದೆ ಎಂದಿದ್ದಾರೆ. ಎಡಗಾಲಿನದು ಮುಂದಿನ ಮಳೆಗಾಲಕ್ಕೆ ಮಾಡಿಸುತ್ತೇನೆ, ಅದಕ್ಕೂ ಆ ಹುಡುಗಿಯನ್ನೇ ಕರೆಯುತ್ತೇನೆ, ಈಗಲೇ ಹೇಳಿ ಇಟ್ಟಿದ್ದೇನೆ. ಕಲಬುರಗಿಯಲ್ಲಿ ಯಾರಾದರೂ ಈ ಆಪರೇಷನ್‌ಗೆ ಹೆದರಿ ಕುಳಿತಿದ್ದರೆ ನಮ್ಮ ಮನೆಗೆ ಬನ್ನಿ. ಮಧ್ಯಾಹ್ನ ಮೂರರ ಮೇಲೆ ಒಲೆ ಆರಿರುತ್ತದೆ, ನಾನು ಖಾಲಿ ಇರುತ್ತೇನೆ. ನನ್ನ ಕಾಲು ನೋಡಿ, ಏನು ಬೇಕಾದರೂ ಕೇಳಿ, ಊಟ ಮಾಡಿಕೊಂಡು ಹೋಗಿ.